ಅಜ್ಜಿಯ ಹಾಡು, ಆಸ್ಪತ್ರೆಯ ವಿದ್ಯೆ

ಹತ್ತನೆಯ ತರಗತಿ ಮುಗಿದು ಇಂಟರ್‌ಮೀಡಿಯೆಟ್ ಪ್ರವೇಶದ ಮಾತು ಬಂದಾಗ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ಕನ್ನಡ ಮನೆಗಳಲ್ಲಿ ಎರಡು ಚಿಂತೆಗಳು ಒಟ್ಟಿಗೆ ತಲೆಯೆತ್ತುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಮುಂದೆ ದಾರಿ ಉಂಟೇ ಎಂಬುದು ಒಂದು. ಹಾಡಿನಲ್ಲಿ ಒಲವುಳ್ಳ ಮಗು ಅದನ್ನೇ ಓದುವೆನೆಂದರೆ ಹೊಟ್ಟೆಪಾಡಿಗೇನು ಎಂಬುದು ಇನ್ನೊಂದು. ಸಂಗೀತ ಚಿಕಿತ್ಸೆಯ ವ್ಯಾಸಂಗವನ್ನು ಕುರಿತು ವಿಚಾರಿಸುವ ಪಾಲಕರು ಈ ಎರಡು ಚಿಂತೆಗಳನ್ನೂ ಜೊತೆಯಲ್ಲಿಯೇ ತೂಗಿ ನೋಡಬೇಕಾಗುತ್ತದೆ.

ಇಂಥ ರೋಗಕ್ಕೆ ಇಂಥ ರಾಗ ಎಂದು ಪಟ್ಟಿ ಹಿಡಿದು ಹಾಡುವುದೇ ಸಂಗೀತ ಚಿಕಿತ್ಸೆ ಎಂಬ ಭಾವನೆ ಜನರಲ್ಲಿದೆ. ಕಾಲೇಜುಗಳಲ್ಲಿ ಕಲಿಸುವ ವಿದ್ಯೆ ಅದಲ್ಲ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ 1944ರಲ್ಲಿ ಇದರ ಮೊದಲ ಪದವಿ ಶಿಕ್ಷಣವನ್ನು ಆರಂಭಿಸಿತು. 1950ರಲ್ಲಿ ಆ ದೇಶದ ಚಿಕಿತ್ಸಕರ ರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. ರೋಗಿಯ ಸ್ಥಿತಿಯನ್ನು ಅಳೆಯುವುದು, ವೈದ್ಯರೊಡನೆ ಸೇರಿ ಗುರಿಯನ್ನು ಗೊತ್ತುಪಡಿಸುವುದು, ಆ ಗುರಿಗೆ ತಕ್ಕ ಹಾಡು ಅಥವಾ ತಾಳವನ್ನು ಆರಿಸುವುದು, ಫಲವನ್ನು ಬರೆದಿಡುವುದು, ಇವು ಚಿಕಿತ್ಸಕನ ನಿತ್ಯದ ಕೆಲಸಗಳು.

ಒಂದೆರಡು ಉದಾಹರಣೆಗಳಿಂದ ಇದು ಸ್ಪಷ್ಟವಾದೀತು. ಪಾರ್ಕಿನ್ಸನ್ ಕಾಯಿಲೆಯವರಿಗೆ ನಡೆಯುವಾಗ ಹೆಜ್ಜೆ ತಡವರಿಸುತ್ತದೆ. ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಮೈಕಲ್ ಥಾಟ್ ಮತ್ತು ಸಂಗಡಿಗರು ಅಂಥವರನ್ನು ಮೂರು ವಾರಗಳ ಕಾಲ ನಿತ್ಯವೂ 30 ನಿಮಿಷ ತಾಳಕ್ಕೆ ಸರಿಯಾಗಿ ನಡೆಸಿದರು. ನಡಿಗೆಯ ವೇಗ ಸುಮಾರು ಕಾಲುಭಾಗದಷ್ಟು ಹೆಚ್ಚಿತೆಂದು 1996ರಲ್ಲಿ ವರದಿ ಮಾಡಿದರು. ಪಾರ್ಶ್ವವಾಯುವಿನಿಂದ ಮಿದುಳಿನ ಎಡಭಾಗಕ್ಕೆ ಪೆಟ್ಟಾಗಿ ಮಾತು ನಿಂತವರಲ್ಲಿಯೂ ಒಂದು ಸೋಜಿಗವಿದೆ. ನೀರು ಬೇಕೆಂದು ಹೇಳಲಾರದ ಕೆಲವರು ತಮಗೆ ಗೊತ್ತಿರುವ ಹಾಡಿನ ಪದಗಳನ್ನು ಹಾಡಬಲ್ಲರು. ಇದನ್ನು ಆಧರಿಸಿ ಬೋಸ್ಟನ್ನಿನ ತಜ್ಞರು, ನಿತ್ಯದ ಮಾತನ್ನು ಮೊದಲು ಹಾಡಿನ ಧಾಟಿಯಲ್ಲಿ ನುಡಿಸಿ ಕ್ರಮೇಣ ಮಾತಿಗೆ ಇಳಿಸುವ ವಿಧಾನವೊಂದನ್ನು 1973ರಲ್ಲಿ ಪ್ರಕಟಿಸಿದರು. ಎಲ್ಲ ರೋಗಿಗಳಿಗೂ ಇದು ಫಲಿಸುವುದಿಲ್ಲ. ಫಲಿಸುವವರಿಗೂ ವಾರಗಟ್ಟಲೆ ಅಭ್ಯಾಸ ಬೇಕು.

ಇಲ್ಲಿಯೇ ಭಾಷೆಯ ಪ್ರಶ್ನೆ ಬರುತ್ತದೆ. ಕೃಷ್ಣಾ ತೀರದ ಹಳ್ಳಿಯ ಅಜ್ಜಿಯೊಬ್ಬಳಿಗೆ ಮಾತು ನಿಂತಿತೆಂದಿಟ್ಟುಕೊಳ್ಳಿ. ಅವಳ ನಾಲಿಗೆಯಲ್ಲಿ ಉಳಿದಿರುವುದು ಬೀಸುವಾಗ ಹಾಡಿದ ಪದ, ತೊಟ್ಟಿಲ ಹಾಡು, ಭಜನೆಯ ತತ್ತ್ವಪದ ಅಥವಾ ಮೊಹರಮ್ಮಿನ ರಿವಾಯತ್ ಆಗಿರಬಹುದು. ಮಹಾನಗರದಲ್ಲಿ ತರಬೇತಿ ಪಡೆದ ಚಿಕಿತ್ಸಕನಿಗೆ ಆ ಹಾಡು ಗೊತ್ತಿರದಿದ್ದರೆ ಅವನ ವಿದ್ಯೆ ಅರ್ಧದಲ್ಲಿಯೇ ನಿಲ್ಲುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪೇಟೆಯಲ್ಲಿ ದಖನಿ ಉರ್ದು ಕೇಳಿ ಬೆಳೆದ ಮಗುವಿಗೆ ಈ ಹಾಡುಗಳು ಪುಸ್ತಕದಿಂದ ಬಂದವಲ್ಲ. ಕನ್ನಡ ಶಾಲೆಯಲ್ಲಿ ಕಲಿತದ್ದು ಕೊರತೆಯೆಂದು ಕೊರಗುವ ಪಾಲಕರು ಇದನ್ನು ಗಮನಿಸತಕ್ಕದ್ದು.

ಸಂಗೀತ ಮತ್ತು ವೈದ್ಯ ಒಂದೇ ಮನೆಯಲ್ಲಿ ನೆಲೆಸಿದ ನಿದರ್ಶನ ಈ ಸೀಮೆಗೆ ಹೊಸದಲ್ಲ. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದ ಪಂಡಿತ ತಾರಾನಾಥರು ವೈದ್ಯರೂ ಸಂಗೀತಜ್ಞರೂ ಆಗಿದ್ದರು. ಅವರ ಪುತ್ರ, ಸರೋದ್ ವಾದಕ ರಾಜೀವ ತಾರಾನಾಥರು ಮೊದಲ ಪಾಠವನ್ನು ತಂದೆಯಿಂದಲೇ ಪಡೆದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಸಂಗೀತವನ್ನು ಕಲಿಸಿ ಬದುಕು ಕಟ್ಟಿಕೊಟ್ಟರು. ಅದು ಚಿಕಿತ್ಸೆಯೆಂಬ ಹೆಸರಿನಲ್ಲಿ ನಡೆದ ಕಾರ್ಯವಲ್ಲ. ಆದರೂ ಹಾಡಿನಿಂದ ಹೊಟ್ಟೆ ತುಂಬೀತೇ ಎಂಬ ಪ್ರಶ್ನೆಗೆ ಅಲ್ಲಿ ಒಂದು ಉತ್ತರವಿದೆ.

ಇನ್ನು ವ್ಯಾಸಂಗದ ಕ್ರಮ. ಮೊದಲು ಸಂಗೀತ ಗಟ್ಟಿಯಾಗಬೇಕು. ಅದಕ್ಕೆ ಹೈದರಾಬಾದಿನಲ್ಲಿ ಶ್ರೀ ತ್ಯಾಗರಾಜ ಸರ್ಕಾರಿ ಸಂಗೀತ ನೃತ್ಯ ಮಹಾವಿದ್ಯಾಲಯವಿದೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಮಹಾವಿದ್ಯಾಲಯವಿದೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವೇ ಇದೆ. ಪದವಿಯ ಜೊತೆಯಲ್ಲಿ ಮನಶ್ಶಾಸ್ತ್ರವನ್ನು ಓದಿದರೆ ಉತ್ತಮ. ಇಂಟರ್‌ಮೀಡಿಯೆಟ್‌ನಲ್ಲಿ ಜೀವಶಾಸ್ತ್ರವಿದ್ದರೆ ದೇಹವನ್ನು ಕುರಿತ ಪಾಠ ಸುಲಭವಾಗುತ್ತದೆ. ಚಿಕಿತ್ಸೆಯ ತರಬೇತಿ ಪದವಿಯ ನಂತರದ ಮಾತು. ಪುದುಚೇರಿಯ ಶ್ರೀ ಬಾಲಾಜಿ ವಿದ್ಯಾಪೀಠದಲ್ಲಿ, ವೈದ್ಯಕೀಯ ಕಾಲೇಜಿನ ಆವರಣದಲ್ಲಿಯೇ, ಇದರ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವಿದೆ. ಪಠ್ಯಗಳು ಇಂಗ್ಲಿಷಿನಲ್ಲಿವೆಯಾದ್ದರಿಂದ ಆ ಭಾಷೆಯನ್ನೂ ಶಾಲೆಯಲ್ಲಿರುವಾಗಲೇ ಶ್ರದ್ಧೆಯಿಂದ ಕಲಿಯುವುದು ಅಗತ್ಯ. ಆಸ್ಪತ್ರೆಗಳಲ್ಲಿ ಈ ಹುದ್ದೆಗಳು ನಮ್ಮ ದೇಶದಲ್ಲಿ ಇನ್ನೂ ವಿರಳವೆಂಬುದನ್ನು ಮಕ್ಕಳಿಂದ ಮುಚ್ಚಿಡಬಾರದು. ವಿಶೇಷ ಶಾಲೆ, ವೃದ್ಧಾಶ್ರಮ, ಸಂಗೀತ ಪಾಠ, ಇವುಗಳನ್ನು ಕೂಡಿಸಿಕೊಂಡು ಜೀವನ ನಡೆಸುವ ಸಿದ್ಧತೆ ಇರಬೇಕು.

ಹಣ ಕಟ್ಟುವ ಮೊದಲು ಕಾನೂನಿನ ಮೂರು ಸಂಗತಿಗಳನ್ನು ತಿಳಿದಿರುವುದು ಕ್ಷೇಮಕರ. 1956ರ ವಿಶ್ವವಿದ್ಯಾಲಯ ಅನುದಾನ ಆಯೋಗ ಕಾಯಿದೆಯ 22ನೆಯ ಪ್ರಕರಣದಂತೆ, ವಿಶ್ವವಿದ್ಯಾಲಯಗಳು, ಮಾನಿತ ವಿಶ್ವವಿದ್ಯಾಲಯಗಳು ಮತ್ತು ಸಂಸತ್ತಿನ ಕಾಯಿದೆಯಿಂದ ಅಧಿಕಾರ ಪಡೆದ ಸಂಸ್ಥೆಗಳು ಮಾತ್ರ ಪದವಿ ನೀಡಬಲ್ಲವು. ಹತ್ತು ದಿನದ ಶಿಬಿರದಲ್ಲಿ ಕೊಡುವ ಪ್ರಮಾಣಪತ್ರಕ್ಕೆ ಎಷ್ಟೇ ದೊಡ್ಡ ಮುದ್ರೆಯಿದ್ದರೂ ಅದು ಪದವಿಯಾಗದು. ಎರಡನೆಯದು, 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆ. ಮಧುಮೇಹ, ರಕ್ತದೊತ್ತಡ, ಪಾರ್ಶ್ವವಾಯು ಮೊದಲಾದವನ್ನು ಪವಾಡದಂತೆ ಗುಣಪಡಿಸುವೆವೆಂಬ ಜಾಹೀರಾತನ್ನು ಅದು ನಿಷೇಧಿಸುತ್ತದೆ; ಮಂತ್ರ, ತಾಯಿತಗಳ ಹೆಸರೂ ಅದರಲ್ಲಿದೆ. ಮಂತ್ರದ ಬದಲು ರಾಗದ ಹೆಸರು ಹೇಳಿದ ಮಾತ್ರಕ್ಕೆ ಅಂಥ ಜಾಹೀರಾತು ನಿರ್ದೋಷವೆಂದು ನಂಬಬಾರದು.

ಮೂರನೆಯದು ಗಡಿಯ ಸಂಗತಿ. ಗದ್ವಾಲ್ ತಾಲ್ಲೂಕು 1956ರ ಅಕ್ಟೋಬರ್ ಕೊನೆಯವರೆಗೆ ರಾಯಚೂರು ಜಿಲ್ಲೆಯಲ್ಲಿಯೇ ಇತ್ತು. ಸಂವಿಧಾನದ 371-ಜೆ ವಿಧಿಯಿಂದ ಇಂದು ರಾಯಚೂರಿನ ಮಕ್ಕಳಿಗೆ ದೊರೆಯುವ ಶಿಕ್ಷಣದ ಮೀಸಲಾತಿ ಕರ್ನಾಟಕದ ಜಿಲ್ಲೆಗಳಿಗೆ ಮಾತ್ರ ಸೀಮಿತವಾದದ್ದು. ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಕಲ್ಪಿಸಬೇಕೆನ್ನುವ 350-ಎ ವಿಧಿ ಪ್ರಾಥಮಿಕ ಹಂತದಾಚೆಗೆ ಹೋಗುವುದಿಲ್ಲ. ಆದುದರಿಂದ ಕರ್ನಾಟಕದ ಕಾಲೇಜಿಗೆ ಅರ್ಜಿ ಹಾಕುವವರು ಹೊರರಾಜ್ಯದವರಿಗೆ ಇರುವ ಸ್ಥಾನಗಳು, ಶುಲ್ಕ, ವಿದ್ಯಾರ್ಥಿವೇತನ, ವಲಸೆ ಪ್ರಮಾಣಪತ್ರ ಇವುಗಳ ವಿವರವನ್ನು ಕಾಲೇಜಿನಿಂದ ಬರಹದಲ್ಲಿಯೇ ಪಡೆದುಕೊಳ್ಳುವುದು ಲೇಸು.

ಪ್ರವೇಶಕ್ಕೆ ಇನ್ನೂ ಎರಡು ಮೂರು ವರ್ಷಗಳಿರುವ ಮಕ್ಕಳು ಖರ್ಚಿಲ್ಲದೆ ಮಾಡಬಹುದಾದ ಸಿದ್ಧತೆಯೊಂದು ಉಂಟು. ಬೇಸಿಗೆಯ ರಜೆಯಲ್ಲಿ ಊರಿನ ಹಿರಿಯರ ಬಳಿ ಕುಳಿತು, ಅವರು ಹಾಡುವ ಪದಗಳನ್ನು ಧಾಟಿಸಹಿತ ಕಲಿತು, ಒಂದು ನೋಟುಪುಸ್ತಕದಲ್ಲಿ ಬರೆದಿಡುವುದು. ಕಾಲೇಜು ಮಿಕ್ಕ ವಿದ್ಯೆಯನ್ನು ಕಲಿಸೀತು. ಆ ಪದಗಳನ್ನು ಕಲಿಸುವವರು ಊರಿನಲ್ಲಿ ಮಾತ್ರ ಇದ್ದಾರೆ, ಮತ್ತು ಅವರಿಗೆ ವಯಸ್ಸಾಗಿದೆ.