ಮಗ್ಗುಲು ಬದಲಿಸುವುದರ ಹಿಂದಿನ ಲೆಕ್ಕ

ನರ್ಸಿಂಗ್ ಓದಲು ಹೊರಟ ಮಕ್ಕಳಿಗೆ ಮನೆಯಲ್ಲಿ ಹೇಳುವ ಮಾತು ಸಾಮಾನ್ಯವಾಗಿ ಒಂದೇ: "ತಾಳ್ಮೆಯಿದ್ದರೆ ಸಾಕು, ಡಾಕ್ಟರು ಹೇಳಿದಂತೆ ಮಾಡಿದರಾಯಿತು." ತಾಳ್ಮೆ ಬೇಕು, ನಿಜ. ಆದರೆ ಡಾಕ್ಟರು ಬಂದು ನೋಡಿ ಹೋಗುತ್ತಾರೆ. ಹಗಲು ರಾತ್ರಿ ರೋಗಿಯ ಹತ್ತಿರ ಇರುವವರು ನರ್ಸುಗಳು. ತಾವು ಮಾಡುವ ಕೆಲಸಗಳಲ್ಲಿ ಯಾವುದು ಪರೀಕ್ಷಿಸಿ ನೋಡಿದ್ದು, ಯಾವುದು ಬರೀ ರೂಢಿ ಎಂಬುದು ಅವರಿಗೆ ತಿಳಿದಿರಬೇಕು.

ಬೆಡ್‌ಸೋರ್ ಅಥವಾ ಹಾಸಿಗೆ ಹುಣ್ಣನ್ನೇ ತೆಗೆದುಕೊಳ್ಳಿ. ಪುತ್ತೂರು, ಸುಳ್ಯ, ಕಡಬದ ಜನರಿಗೆ ಇದು ಬರೀ ಪುಸ್ತಕದ ವಿಷಯವಲ್ಲ. ಈ ಕಡೆಯ ಗೇರು ನೆಡುತೋಪುಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗಿತ್ತು. 2011ರಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ತಡೆಯಿತು. ಸಂತ್ರಸ್ತರೆಂದು ಸರಕಾರ ಗುರುತಿಸಿದವರಲ್ಲಿ ತಾವಾಗಿ ಮಗ್ಗುಲು ಬದಲಿಸಲಾರದವರೂ ಇದ್ದಾರೆ. ಕೊಯಿಲದಲ್ಲಿ ಪಾಲನಾ ಕೇಂದ್ರ ಆರಂಭವಾಯಿತು. ಆದರೂ ಹಾಸಿಗೆ ಹಿಡಿದ ಮಕ್ಕಳ ಆರೈಕೆಯ ಭಾರ ಮುಖ್ಯವಾಗಿ ತಾಯಂದಿರ ಮೇಲೆಯೇ ಇದೆ.

ಒಂದೇ ಭಂಗಿಯಲ್ಲಿ ಮಲಗಿದವರ ಬೆನ್ನಿನ ಕೆಳಗಿನ ಎಲುಬು, ಸೊಂಟ, ಹಿಮ್ಮಡಿಗಳಲ್ಲಿ ಚರ್ಮವು ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕಿಬೀಳುತ್ತದೆ. ರಕ್ತ ಹರಿಯದೆ ಆ ಭಾಗ ಸಾಯುತ್ತದೆ. ಹಿಂದೆ ಕೆಂಪಾದ ಜಾಗವನ್ನು ಸ್ಪಿರಿಟ್ ಹಾಕಿ ಚೆನ್ನಾಗಿ ತಿಕ್ಕುತ್ತಿದ್ದರು, ನಡುವೆ ತೂತಿರುವ ರಿಂಗ್ ದಿಂಬು ಇಡುತ್ತಿದ್ದರು. ಇಂಗ್ಲೆಂಡಿನಲ್ಲಿ ಡೋರೀನ್ ನಾರ್ಟನ್ ಎಂಬ ನರ್ಸ್ ಸಂಗಡಿಗರೊಂದಿಗೆ ವಯಸ್ಸಾದ ರೋಗಿಗಳ ಆರೈಕೆಯನ್ನು ಅಧ್ಯಯನ ಮಾಡಿ 1962ರಲ್ಲಿ ವರದಿ ಪ್ರಕಟಿಸಿದರು. ಹುಣ್ಣು ತಡೆಯಲು ಹಚ್ಚುವ ಮದ್ದಿಗಿಂತ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವುದೇ ಮುಖ್ಯ ಎಂಬುದು ಅದರ ಸಾರ. ದೇಹಸ್ಥಿತಿ, ಮನಸ್ಸಿನ ಸ್ಥಿತಿ, ನಡೆದಾಟ, ಕೈಕಾಲು ಚಲನೆ, ಮಲಮೂತ್ರದ ಹಿಡಿತ - ಈ 5ಕ್ಕೆ ಅಂಕ ಕೊಟ್ಟು ಅಪಾಯ ಅಳೆಯುವ ಕ್ರಮವನ್ನೂ ಅವರು ತೋರಿಸಿದರು. 20ರಲ್ಲಿ 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರಿಕೆ ಬೇಕು. ಕೆಂಪಾದ ಜಾಗವನ್ನು ತಿಕ್ಕಬಾರದು, ರಿಂಗ್ ದಿಂಬು ಬೇಡ ಎಂದು ಇಂದಿನ ಮಾರ್ಗಸೂಚಿಗಳು ಹೇಳುತ್ತವೆ. ನಮ್ಮ ಮೈಬಣ್ಣದಲ್ಲಿ ಕೆಂಪು ಎದ್ದು ಕಾಣದಿರಬಹುದು. ಬಿಸಿ, ಗಡಸು, ನೋವು ಇದೆಯೇ ಎಂದು ಮುಟ್ಟಿ ನೋಡಬೇಕು.

ಎಷ್ಟು ಹೊತ್ತಿಗೊಮ್ಮೆ ಬದಲಿಸಬೇಕು? 2 ಗಂಟೆಗೊಮ್ಮೆ ಎಂಬುದು ಬಾಯಿಪಾಠ. ಅಮೆರಿಕ, ಕೆನಡಾಗಳ ವೃದ್ಧರ ಆರೈಕೆ ಮನೆಗಳಲ್ಲಿ 942 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 2, 3, 4 ಗಂಟೆಗಳ ಅಂತರಗಳ ನಡುವೆ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ರಾತ್ರಿ ನಿದ್ದೆಗೆಟ್ಟ ತಾಯಿಗೆ ಇದು ಎಷ್ಟು ದೊಡ್ಡ ಸುದ್ದಿ! ಆದರೆ ಅಲ್ಲಿದ್ದವರು ಮಲಗಿದ್ದು ಹೆಚ್ಚು ಸಾಂದ್ರತೆಯ ಫೋಮ್ ಹಾಸಿಗೆಯ ಮೇಲೆ. ಚರ್ಮದ ಮೇಲೂ ಕಣ್ಣಿಟ್ಟಿದ್ದರು. ಕಡಬದ ಹಳ್ಳಿಮನೆಯಲ್ಲಿ ಚಾಪೆಯ ಮೇಲೆಯೋ ಹಳೆಯ ಹತ್ತಿ ಹಾಸಿಗೆಯ ಮೇಲೆಯೋ ಇರುವ ಹುಡುಗನಿಗೆ ಆ ಲೆಕ್ಕ ಹಾಗೆಯೇ ಹೊಂದದು. ಅದನ್ನು ಓದಿದ ನರ್ಸ್ ಮೊದಲು ಹಾಸಿಗೆ ನೋಡುತ್ತಾರೆ, ಚರ್ಮ ನೋಡುತ್ತಾರೆ. ಒಳ್ಳೆಯ ಫೋಮ್ ಹಾಸಿಗೆ ಸಿಕ್ಕರೆ ರಾತ್ರಿಯ ಅಂತರ ಹೆಚ್ಚಿಸಬಹುದೇ ಎಂದು ಡಾಕ್ಟರರೊಡನೆ ಮಾತಾಡುತ್ತಾರೆ. ಬರೀ ರೂಢಿ ತಿಳಿದವರಿಗೆ ಈ ಪ್ರಶ್ನೆಯೇ ಹುಟ್ಟದು.

ಬಿ.ಎಸ್ಸಿ. ನರ್ಸಿಂಗ್ ಪಠ್ಯದಲ್ಲಿ ಸಂಶೋಧನೆ, ಸಂಖ್ಯಾಶಾಸ್ತ್ರ ಎರಡೂ ಇವೆ. ಪಾಸಾಗಲು ಮಾತ್ರ ಓದುವ ವಿಷಯಗಳೆಂದು ಅವನ್ನು ಬದಿಗಿಡಬೇಡಿ. ಪಾಲಕರೂ ಕಾಲೇಜು ನೋಡಲು ಹೋದಾಗ ಹಾಸ್ಟೆಲು, ಫೀಸಿನ ಜತೆಗೆ ಇನ್ನೊಂದನ್ನು ವಿಚಾರಿಸಲಿ: ಇಲ್ಲಿ ಲೈಬ್ರರಿ ಹೇಗಿದೆ, ವಿದ್ಯಾರ್ಥಿಗಳು ವಾರ್ಡಿನಲ್ಲಿ "ಯಾಕೆ ಹೀಗೆ?" ಎಂದು ಕೇಳಿದರೆ ಉತ್ತರ ಸಿಗುತ್ತದೆಯೇ? ಹಾಗೆ ಕೇಳುವುದು ಅಧಿಕಪ್ರಸಂಗವಲ್ಲ. ಮಾತಾಡಲಾರದ ರೋಗಿಯ ಪರವಾಗಿ ಕೇಳುವವರು ಒಬ್ಬರಾದರೂ ಇರಬೇಕಲ್ಲ!