ಗಣಕ ಏಳಲು ಏಕಿಷ್ಟು ತಡ?

ಎದುರು ಮನೆಯವರು ಮೊನ್ನೆ ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಹಿಂದೆಯೇ ಮಗ. ಬಿ.ಎಸ್ಸಿ. ಕೊನೆಯ ವರ್ಷದ ಹುಡುಗ. ಪ್ರಾಜೆಕ್ಟ್ ವರದಿ ಒಪ್ಪಿಸಲು ಐದೇ ದಿನ ಬಾಕಿ.

‘ಗುಂಡಿ ಒತ್ತಿ ಸ್ನಾನ ಮುಗಿಸಿ ಬಂದರೂ ಇನ್ನೂ ತಿರುಗ್ತಾನೇ ಇರುತ್ತೆ ಸಾರ್. ಅಂಗಡಿಯವರು ಫಾರ್ಮ್ಯಾಟ್ ಮಾಡೋಣ, ಇಲ್ಲಾಂದ್ರೆ ಹೊಸದು ತಗೊಳ್ಳಿ ಅಂತಾರೆ.’

ಎರಡೂ ಆಮೇಲೆ, ಮೊದಲು ಗಡಿಯಾರ ನೋಡೋಣ ಎಂದೆ.

ಗಣಕ ಏಳುವುದು ಮೂರು ಹಂತಗಳಲ್ಲಿ. ತಯಾರಕರ ಲಾಂಛನ ಕಾಣುವಾಗ ಯಂತ್ರ ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ತಡ ಅಲ್ಲೇ ಆದರೆ ಸಿಕ್ಕಿಸಿರುವ ಪೆನ್‌ಡ್ರೈವ್ ಕಿತ್ತು ನೋಡಿ. ಚುಕ್ಕಿಗಳು ಸುತ್ತುವಾಗ ವಿಂಡೋಸ್ ಡಿಸ್ಕಿನಿಂದ ಮೆಮೊರಿಗೆ ಬರುತ್ತಿರುತ್ತದೆ. ಪಾಸ್‌ವರ್ಡ್ ಕೊಟ್ಟ ಮೇಲೆ ಪರದೆ ಕಂಡರೂ ಏನೂ ತೆರೆಯುವುದಿಲ್ಲವೇ? ಹಾಗಾದರೆ ಬೇರೆ ತಂತ್ರಾಂಶಗಳು ಏಳುತ್ತಿವೆ ಎಂದರ್ಥ. ಹುಡುಗನ ಯಂತ್ರದಲ್ಲಿ ಮೊದಲ ಹಂತಕ್ಕೆ 12 ಸೆಕೆಂಡು, ಎರಡನೆಯದಕ್ಕೆ ಎರಡೂವರೆ ನಿಮಿಷ, ಮೂರನೆಯದಕ್ಕೆ ಮೂರು ನಿಮಿಷ.

ಮೂರನೆಯದರ ಮದ್ದು ಸುಲಭ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ ‘ಸ್ಟಾರ್ಟಪ್’ ಎಂಬ ವಿಭಾಗ ಅದರೊಳಗೇ ಇದೆ. ಅಲ್ಲಿ ನೋಡಿದರೆ ಸಂತೆಯೇ ನೆರೆದಿತ್ತು: ಎರಡು ವಿಡಿಯೊ ಕರೆಯ ತಂತ್ರಾಂಶ, ಒಂದು ಆಟದಂಗಡಿ, ಹಾಡಿನದೊಂದು, ಎಂದೋ ಮಾರಿಬಿಟ್ಟ ಪ್ರಿಂಟರಿನದು ಇನ್ನೊಂದು. ಬೇಡದ್ದರ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಡಿಸೇಬಲ್’ ಎನ್ನಿ. ತಂತ್ರಾಂಶ ಅಳಿಯುವುದಿಲ್ಲ, ನೀವು ಕರೆದಾಗ ಮಾತ್ರ ಬರುತ್ತದೆ. ಆಂಟಿವೈರಸ್, ಟಚ್‌ಪ್ಯಾಡ್, ಧ್ವನಿಗೆ ಸಂಬಂಧಿಸಿದ್ದನ್ನು ಮುಟ್ಟಬೇಡಿ. ‘ನಿಮ್ಮ ಗಣಕವನ್ನು ಚುರುಕಾಗಿಸುತ್ತೇವೆ’ ಎಂಬ ಬಿಟ್ಟಿ ತಂತ್ರಾಂಶಗಳನ್ನಂತೂ ಹಾಕಿಕೊಳ್ಳಲೇಬೇಡಿ. ಅವೂ ಬಂದು ಇದೇ ಸಂತೆಯಲ್ಲಿ ಕೂರುತ್ತವೆ.

ಮೂರು ನಿಮಿಷ ಒಂದಕ್ಕಿಳಿಯಿತು. ಚುಕ್ಕಿಗಳು ಮಾತ್ರ ಮೊದಲಿನಂತೆಯೇ ಸುತ್ತುತ್ತಿದ್ದವು.

ಅದೇ ಟಾಸ್ಕ್ ಮ್ಯಾನೇಜರಿನ ‘ಪರ್ಫಾರ್ಮೆನ್ಸ್’ ವಿಭಾಗಕ್ಕೆ ಹೋದೆವು. ಮೆಮೊರಿ ಅರ್ಧ ಖಾಲಿ, ಡಿಸ್ಕ್ ಮಾತ್ರ ಶೇಕಡಾ 100ರಲ್ಲಿ ನಿಂತಿದೆ. ಅದು ತಿರುಗುವ ಹಾರ್ಡ್ ಡಿಸ್ಕು, ನಿಮಿಷಕ್ಕೆ 5400 ಸುತ್ತು. ಒಂದು ಸುತ್ತಿಗೇ 11 ಮಿಲಿಸೆಕೆಂಡು ಬೇಕು. ಓದುವ ತೋಳು ಸರಿದು ಜಾಗಕ್ಕೆ ಬರುವ ಹೊತ್ತು ಬೇರೆ. ಚದುರಿದ ಸಾವಿರಾರು ಕಡತಗಳನ್ನು ಹೆಕ್ಕುವಷ್ಟರಲ್ಲಿ ನಿಮಿಷಗಳೇ ಸರಿಯುತ್ತವೆ. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕಿನಲ್ಲಿ ತಿರುಗುವ ಭಾಗವೇ ಇಲ್ಲ.

ಅಷ್ಟರಲ್ಲಿ ಯಂತ್ರದೊಳಗಿಂದ ಟಿಕ್, ಟಿಕ್ ಎಂಬ ಸದ್ದು.

‘ವರದಿ ಎಲ್ಲಿದೆಯಪ್ಪ?’

‘ಇದರಲ್ಲೇ ಅಂಕಲ್.’

‘ಬೇರೆಲ್ಲೂ ಇಲ್ವಾ?’

ಹುಡುಗ ಅಪ್ಪನ ಮುಖ ನೋಡಿದ.

ಆ ಸದ್ದು ಡಿಸ್ಕು ಕೆಡುತ್ತಿರುವುದರ ಕುರುಹು. ಅಂಥ ಡಿಸ್ಕನ್ನು ಮತ್ತೆ ಮತ್ತೆ ಆರಿಸಿ ಹೊತ್ತಿಸಬಾರದು, ಫಾರ್ಮ್ಯಾಟನ್ನಂತೂ ಮಾಡಲೇಬಾರದು. ಮಾಡಿದ್ದರೆ ವರದಿಯೂ ಹೋಗುತ್ತಿತ್ತು, ಹೊಸ ವಿಂಡೋಸ್ ಅದೇ ಸಾಯುವ ಡಿಸ್ಕಿನ ಮೇಲೆ ಕೂರುತ್ತಿತ್ತು. ‘ನಾಳೆ ಕಾಪಿ ಮಾಡ್ಕೋತೀನಿ’ ಎಂದವನನ್ನು ಅಲ್ಲೇ ಕೂರಿಸಿ ಪೆನ್‌ಡ್ರೈವ್ ಕೊಟ್ಟೆ. ವರದಿ ಎರಡು ನಿಮಿಷದಲ್ಲಿ ಇಳಿಯಿತು. ಮನೆಯವರ ಫೋಟೊಗಳು ಮುಗಿಯುವಾಗ ರಾತ್ರಿ ಹತ್ತೂವರೆ. ನಡುವೆ ಅವರ ಮನೆಯಿಂದ ಉಪ್ಪಿಟ್ಟು ಬಂತು.

ಮೂರನೆಯ ದಿನ ಎಸ್‌ಎಸ್‌ಡಿ ಹಾಕಿಸಿದರು. ಈಗ 25 ಸೆಕೆಂಡಿನಲ್ಲಿ ಯಂತ್ರ ಸಿದ್ಧ. ಹಳೆಯ ಡಿಸ್ಕನ್ನು ಮತ್ತೊಮ್ಮೆ ಜೋಡಿಸಿ ನೋಡಿದಾಗ ಗಣಕ ಅದನ್ನು ಗುರುತಿಸಲೇ ಇಲ್ಲ. ನೀವು ಕೊಳ್ಳಲು ಹೊರಟರೆ ನಿಮ್ಮ ಯಂತ್ರಕ್ಕೆ ಬೇಕಾದ್ದು 2.5 ಅಂಗುಲದ್ದೋ, ಎಂ.2 ಬಗೆಯದೋ ಎಂದು ಮೊದಲೇ ತಿಳಿದುಕೊಳ್ಳಿ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.