ಇಷ್ಟು ಚಿಕ್ಕ ಭಾಷೆ ಕಲಿತು ಎಂತ ಮಾಡುವುದು ಮಾರಾಯಾ?

ಲಕ್ಸಂಬರ್ಗಿನಲ್ಲಿ ನಾವು ಒಂದಷ್ಟು ಕನ್ನಡದವರು ತಿಂಗಳಿಗೊಮ್ಮೆ ಯಾರದ್ದಾದರೂ ಮನೆಯಲ್ಲಿ ಸೇರ್ತೇವೆ. ಬಿಸಿಬೇಳೆಬಾತು, ಮೊಸರನ್ನ, ಊರಿನಿಂದ ಬಂದ ಉಪ್ಪಿನಕಾಯಿ. ಊಟ ಮುಗಿದು ಕಾಫಿ ಬರುವ ಹೊತ್ತಿಗೆ ಒಂದು ವಿಷಯ ಬಂದೇ ಬರ್ತದೆ: ಬೆಂಗಳೂರಿಗೆ ಬಂದು ಹತ್ತು ವರ್ಷ ಆದರೂ ಕನ್ನಡ ಕಲಿಯದವರ ವಿಷಯ. ಕಳೆದ ಸಲ ಗೆಳೆಯನೊಬ್ಬ ಫೋನಿನಲ್ಲಿ ವಿಡಿಯೋ ತೋರಿಸಿದ. ಆಟೋದವರ ಹತ್ತಿರ ಯಾರೋ ಒಬ್ಬ ಹಿಂದಿಯಲ್ಲಿ ಜಗಳ ಆಡ್ತಿದ್ದ. "ಎಷ್ಟು ಸೊಕ್ಕು ನೋಡು! ಅನ್ನ ಕೊಡುವ ಊರಿನ ಭಾಷೆ ಬೇಡ ಇವರಿಗೆ" ಅಂತ ಗೆಳೆಯ ಕೆಂಪಾದ. ಎಲ್ಲರೂ ಹೌದು ಹೌದು ಅಂದೆವು.

ನನಗೆ ಏನನ್ನಿಸಿತೋ, ಕೇಳಿಬಿಟ್ಟೆ. "ನೀನು ಇಲ್ಲಿಗೆ ಬಂದು ಎಂಟು ವರ್ಷ ಆಯ್ತಲ್ಲ. ಇಲ್ಲಿನ ಭಾಷೆಯಲ್ಲಿ ಒಂದು ವಾಕ್ಯ ಹೇಳು ನೋಡುವ."

"ಫ್ರೆಂಚಾ?"

"ಅಲ್ಲ, ಲಕ್ಸಂಬರ್ಗಿಶ್."

ನಕ್ಕುಬಿಟ್ಟ. "ಅದನ್ನು ಕಲಿತು ಎಂತ ಮಾಡುವುದು ಮಾರಾಯಾ? ಮಾತಾಡುವವರು ನಾಲ್ಕು ಲಕ್ಷ ಜನ. ಅವರಿಗೆಲ್ಲ ಇಂಗ್ಲಿಷ್ ಬರ್ತದೆ."

ಆ ವಿಡಿಯೋದಲ್ಲಿದ್ದವನೂ ಹೇಳಿದ್ದು ಇದನ್ನೇ ಅಲ್ವಾ? ಸಂಖ್ಯೆ ಮಾತ್ರ ಬೇರೆ. ಇದನ್ನು ಹೇಳಿದ ಮೇಲೆ ಕಾಫಿ ತಣ್ಣಗಾಯಿತು, ಅಷ್ಟೇ ಆದದ್ದು. ಅಲ್ಲಿ ಹೇಳಲಿಕ್ಕೆ ಆಗದೆ ಉಳಿದದ್ದನ್ನು ಇಲ್ಲಿ ಬರೀತಿದ್ದೇನೆ.

ಈ ದೇಶ ಎಷ್ಟು ದೊಡ್ಡದು ಅಂತ ಮೊದಲು ಹೇಳ್ತೇನೆ. 2,586 ಚದರ ಕಿಲೋಮೀಟರ್. ನಮ್ಮ ಕೊಡಗು ಜಿಲ್ಲೆಗಿಂತ ಸುಮಾರು ಸಣ್ಣದು. ಉತ್ತರದ ತುದಿಯಿಂದ ದಕ್ಷಿಣದ ತುದಿಗೆ 82 ಕಿಲೋಮೀಟರ್. 2020ರಿಂದ ಬಸ್ಸು, ಟ್ರಾಮು, ರೈಲು ಎಲ್ಲ ಪುಕ್ಕಟೆ, ಹಾಗಾಗಿ ಒಂದು ಪೈಸೆ ಖರ್ಚಿಲ್ಲದೆ ಇಡೀ ದೇಶ ಸುತ್ತಿ ಸಂಜೆ ಮನೆ ಸೇರಬಹುದು. ಜನಸಂಖ್ಯೆ ಏಳು ಲಕ್ಷ ಮುಟ್ಟಿಲ್ಲ. ಅದರಲ್ಲಿ ಅರ್ಧದ ಹತ್ತಿರ ನಮ್ಮಂತಹ ಪರದೇಶದವರು. ಅದೂ ಸಾಲದು ಅಂತ ದಿನಾ ಬೆಳಗ್ಗೆ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಯಿಂದ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಗಡಿ ದಾಟಿ ಕೆಲಸಕ್ಕೆ ಬಂದು ಸಂಜೆ ವಾಪಸ್ ಹೋಗ್ತಾರೆ.

ಈಗ ಒಂದು ಸಾಮಾನ್ಯ ದಿನ ನೋಡಿ. ಬೆಳಗ್ಗೆ ಬೇಕರಿಗೆ ಹೋದರೆ ಅಲ್ಲಿರುವವರು ಫ್ರಾನ್ಸಿನ ಮೆಟ್ಸ್ ಕಡೆಯವರು, ಮಾತು ಫ್ರೆಂಚು. ಟ್ರಾಮಿನಲ್ಲಿ ಪಕ್ಕದವರದು ಪೋರ್ಚುಗೀಸು. ಇಲ್ಲಿರುವ ಹೊರದೇಶದವರಲ್ಲಿ ದೊಡ್ಡ ಗುಂಪು ಅವರದೇ. ಕಿರ್ಷ್‌ಬರ್ಗಿನ ಆಫೀಸಿನಲ್ಲಿ ಇಂಗ್ಲಿಷು. ಪೇಪರ್ ತೆಗೆದರೆ ಹೆಚ್ಚಿನ ಸುದ್ದಿ ಜರ್ಮನ್, ನಡುವೆ ಫ್ರೆಂಚ್, ಮರಣದ ಪುಟಕ್ಕೆ ಬಂದರೆ ಲಕ್ಸಂಬರ್ಗಿಶ್. ಸಂಸತ್ತಿನಲ್ಲಿ ಚರ್ಚೆ ಲಕ್ಸಂಬರ್ಗಿಶಿನಲ್ಲಿ, ಆದರೆ ಕಾನೂನು ಬರೆಯುವುದು ಫ್ರೆಂಚಿನಲ್ಲಿ. ಮಕ್ಕಳು ನಾಲ್ಕನೇ ವರ್ಷಕ್ಕೆ ಶಾಲೆಗೆ ಹೋದಾಗ ಮಾತು ಲಕ್ಸಂಬರ್ಗಿಶ್, ಆರಕ್ಕೆ ಅಕ್ಷರ ತಿದ್ದುವುದು ಜರ್ಮನಿನಲ್ಲಿ, ಹೈಸ್ಕೂಲಿಗೆ ಬಂದ ಮೇಲೆ ಲೆಕ್ಕ ಮಾಡುವುದು ಫ್ರೆಂಚಿನಲ್ಲಿ. ಮೊದಲ ವರ್ಷ ನನಗೆ ಇದು ಹುಚ್ಚರ ಸಂತೆ ಅನ್ನಿಸಿತ್ತು.

ಇಂಥಾ ಸಂತೆಯಲ್ಲಿ ಇವರ ಸ್ವಂತ ಭಾಷೆ ಸತ್ತು ಹೋಗಿರಬೇಕಿತ್ತು. ನಮ್ಮ ಟೆಕ್ಕಿ ಲೆಕ್ಕಾಚಾರದಲ್ಲಂತೂ ಖಂಡಿತ. ವ್ಯಾಪಾರಕ್ಕೆ ಫ್ರೆಂಚ್ ಉಂಟು, ಓದಲಿಕ್ಕೆ ಜರ್ಮನ್ ಉಂಟು, ಪ್ರಪಂಚಕ್ಕೆ ಇಂಗ್ಲಿಷ್ ಉಂಟು. ನಾಲ್ಕನೆಯದು ಯಾಕೆ? ಅದೂ ಜರ್ಮನಿನ ಒಂದು ಆಡುಮಾತು ಅಂತ ಹೊರಗಿನವರು ಮೂಗು ಮುರಿಯುವ ಭಾಷೆ?

ಈ "ಆಡುಮಾತು" ಅನ್ನುವ ಶಬ್ದ ಕೇಳಿದಾಗ ನನಗೆ ಚುರುಕ್ ಅಂತದೆ. ನಾನು ಸುಳ್ಯದ ಹತ್ತಿರದ ಹಳ್ಳಿಯವನು. ಮನೆಯ ಮಾತು ಅರೆಭಾಷೆ. ಹೆಸರು ನೋಡಿ, ಅರೆ! ಅರ್ಧ ಭಾಷೆಯಂತೆ. "ಇದೆ" ಅನ್ನಲಿಕ್ಕೆ ನಾವು "ಉಟ್ಟು" ಅಂತೇವೆ. ಒಂದನೇ ಕ್ಲಾಸಿನಲ್ಲಿ "ಪುಸ್ತಕ ಉಟ್ಟು ಸಾರ್" ಅಂದದ್ದಕ್ಕೆ ಮೇಷ್ಟ್ರು ಇಡೀ ಕ್ಲಾಸಿಗೆ ಕೇಳುವ ಹಾಗೆ ಮತ್ತೊಮ್ಮೆ ಹೇಳಿಸಿ ನಗಿಸಿದ್ದರು. ಆಮೇಲೆ ಶಾಲೆಯಲ್ಲಿ ನಾನು ಉಟ್ಟು ಅನ್ನಲಿಲ್ಲ. ಇಂಜಿನಿಯರಿಂಗಿಗೆ ಬಂದ ಮೇಲೆ ಮನೆಯ ಫೋನು ಬಂದರೆ ಹಾಸ್ಟೆಲಿನ ಹೊರಗೆ ಹೋಗಿ ಮಾತಾಡ್ತಿದ್ದೆ. ಮದುವೆ ಆದದ್ದು ಬಯಲುಸೀಮೆಯ ಹುಡುಗಿಯನ್ನು, ಮನೆಯಲ್ಲಿ ಪೇಪರ್ ಕನ್ನಡ ಮತ್ತು ಇಂಗ್ಲಿಷ್. ಅರೆಭಾಷೆ ಬೇಡ ಅಂತ ನನಗೆ ಯಾರೂ ಹೇಳಲಿಲ್ಲ. ನಾನೇ ಲೆಕ್ಕ ಹಾಕಿ ಬಿಟ್ಟದ್ದು. ಹಾಗಾಗಿ ಗೆಳೆಯನಿಗೆ ಬೈಯುವಾಗ ಅರ್ಧ ನನಗೇ ಬೈದುಕೊಳ್ತಿದ್ದೇನೆ ಅಂತ ತಿಳ್ಕೊಳ್ಳಿ.

ಲಕ್ಸಂಬರ್ಗಿನವರು ಆ ಲೆಕ್ಕ ಹಾಕಲಿಲ್ಲ. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಎಂಬತ್ತರ ಹತ್ತಿರ. ಅವರ ಅಪ್ಪ ಹೇಳ್ತಿದ್ದ ಕಥೆಯನ್ನು ನನಗೆ ಹೇಳಿದ್ದಾರೆ. 1940ರಲ್ಲಿ ನಾಜಿಗಳು ಬಂದರು. ಫ್ರೆಂಚ್ ಮಾತಾಡುವುದಕ್ಕೆ ನಿಷೇಧ, ಫ್ರೆಂಚ್ ಹೆಸರುಗಳನ್ನು ಜರ್ಮನ್ ಮಾಡಿದರು. 1941ರ ಅಕ್ಟೋಬರಿನಲ್ಲಿ ಒಂದು ಜನಗಣತಿ. ನಿಮ್ಮ ರಾಷ್ಟ್ರೀಯತೆ, ನಿಮ್ಮ ಮಾತೃಭಾಷೆ, ನಿಮ್ಮ ಜನಾಂಗ ಅಂತ ಮೂರು ಪ್ರಶ್ನೆ. ಲಕ್ಸಂಬರ್ಗಿಶ್ ಅನ್ನುವುದು ಭಾಷೆಯಲ್ಲ, ಬರೀ ಆಡುಮಾತು, ಅದನ್ನು ಬರೆಯಬಾರದು ಅಂತ ಫಾರಮ್ಮಿನ ಜೊತೆ ಸೂಚನೆ. ಉತ್ತರ "ಜರ್ಮನ್" ಅಂತ ಬರಬೇಕು ಅಂತಲೇ ಅರ್ಥ. ಗುಪ್ತವಾಗಿ ಕೆಲಸ ಮಾಡ್ತಿದ್ದ ಪ್ರತಿರೋಧದ ಗುಂಪುಗಳು ಕರಪತ್ರ ಹಂಚಿದವು: ಮೂರು ಕಡೆಯೂ ಲಕ್ಸಂಬರ್ಗಿಶ್ ಅಂತಲೇ ಬರೆಯಿರಿ. ಮೊದಲ ಮಾದರಿ ಎಣಿಕೆ ನೋಡಿಯೇ ಆಡಳಿತಕ್ಕೆ ಬಿಸಿ ತಟ್ಟಿ ಗಣತಿಯನ್ನೇ ರದ್ದು ಮಾಡಿತು. ಅಲ್ಲಿಯ ತನಕ ಅದು ಹಾಲು ಕರೆಯುವಾಗ, ಜಗಳ ಆಡುವಾಗ ಬಳಸುವ ಭಾಷೆ ಆಗಿತ್ತಂತೆ, ನಮ್ಮದರ ಹಾಗೆ. ಆಮೇಲೆ ಅದಕ್ಕೆ ಬೇರೆಯೇ ತೂಕ ಬಂತು. 1984ರ ಕಾನೂನಿನಲ್ಲಿ ಅದನ್ನು ರಾಷ್ಟ್ರಭಾಷೆ ಅಂತ ಬರೆದರು.

ಆದರೆ ಕಾನೂನು ಬರೆದರೆ ಭಾಷೆ ಬದುಕ್ತದಾ? ಇಲ್ಲ ಅಂತ ನಮಗಿಂತ ಚೆನ್ನಾಗಿ ಗೊತ್ತಿರುವವರು ಯಾರು! ನಾನು ಹೊಟ್ಟೆಕಿಚ್ಚು ಪಡುವುದು ಬೇರೆ ಒಂದು ಕಾನೂನಿಗೆ. 2009ರದ್ದು. ಇಲ್ಲಿ ಕೆಲಸ ಮಾಡುವ ಯಾರೇ ಆಗಲಿ, ಕಂಪನಿಗೆ ಸೇರಿ ಆರು ತಿಂಗಳಾಗಿದ್ದರೆ, ಲಕ್ಸಂಬರ್ಗಿಶ್ ಕಲಿಯಲಿಕ್ಕೆ 200 ಗಂಟೆಯ ತನಕ ಸಂಬಳ ಸಹಿತ ರಜೆ ಕೇಳಬಹುದು. ಗಡಿ ದಾಟಿ ಬರುವವರಿಗೂ ಉಂಟು. ದಿನಕ್ಕೆ ಎಂಟು ಗಂಟೆ ಅಂತ ಹಿಡಿದರೆ 25 ದಿನ. ಆ ಸಂಬಳದ ಅರ್ಧವನ್ನು ಸರಕಾರ ಕಂಪನಿಗೆ ವಾಪಸ್ ಕೊಡ್ತದೆ. "ನಮ್ಮ ಭಾಷೆ ಕಲಿ" ಅಂತ ಹೇಳಿ, ಕಲಿಯುವ ಹೊತ್ತಿಗೆ ಸಂಬಳವನ್ನೂ ಕೊಡುವುದು! ನಾನು ಆ ಅರ್ಜಿ ಹಾಕಿದಾಗ ಮ್ಯಾನೇಜರ್ ಹುಬ್ಬು ಏರಿಸಿ, ಫ್ರೆಂಚ್ ಹೆಚ್ಚು ಉಪಯೋಗ ಅಲ್ವಾ ಅಂತ ಕೇಳಿದ. ಸಹಿ ಹಾಕಿದ, ಅದು ಬೇರೆ.

"ಅವರು ಶ್ರೀಮಂತರು, ಕೊಡ್ತಾರೆ" ಅಂತ ನೀವು ಹೇಳ್ತೀರಿ ಅಂತ ಗೊತ್ತು. ಶ್ರೀಮಂತರು ಹೌದು. ಆದರೆ ಬೆಂಗಳೂರಿನಲ್ಲಿ ನಾನು ಕೆಲಸ ಮಾಡಿದ ಕಂಪನಿ ಬಡವಾಗಿರಲಿಲ್ಲ. ಕ್ಲೌಡ್ ಸರ್ಟಿಫಿಕೇಶನ್ನಿಗೆ ರಜೆ ಕೊಡ್ತಿತ್ತು, ಪರೀಕ್ಷೆಯ ಫೀಸು ಕೊಡ್ತಿತ್ತು, ಟೀಮಿಗೆ ಮೈಂಡ್‌ಫುಲ್‌ನೆಸ್ ಅಂತ ಎರಡು ದಿನ ರೆಸಾರ್ಟಿಗೆ ಕರ್ಕೊಂಡು ಹೋಗಿ ಕಣ್ಣು ಮುಚ್ಚಿಸಿತ್ತು. ಒರಿಸ್ಸಾದಿಂದ ಬಂದ ಹುಡುಗಿಯೊಬ್ಬಳು ಕನ್ನಡ ಕ್ಲಾಸ್ ಮಾಡಿಸಿ ಅಂತ ಮೇಲ್ ಹಾಕಿದಾಗ ಎಚ್‌ಆರ್‌ನಿಂದ ಬಂದದ್ದು ನವೆಂಬರ್ ಒಂದಕ್ಕೆ ಹಳದಿ ಕೆಂಪು ಉಟ್ಟು ಬನ್ನಿ ಅನ್ನುವ ಉತ್ತರ. ಇಪ್ಪತ್ತು ಗಂಟೆ ಸಾಕಿತ್ತು ಮಾರಾಯ್ರೇ, ಇನ್ನೂರು ಬೇಡ. ಆ ಮೇಲಿನ ಸಿಸಿಯಲ್ಲಿ ನಾನೂ ಇದ್ದೆ. ನಾನೂ ಒಂದು ಸಾಲು ಬರೆಯಲಿಲ್ಲ. ಸಂಜೆ ಫೇಸ್‌ಬುಕ್ಕಿನಲ್ಲಿ ಕನ್ನಡ ಉಳಿಸಿ ಅಂತ ಹಾಕಿದ್ದೆನೋ ಏನೋ, ನೆನಪಿಲ್ಲ. ಹಾಕಿರ್ತೇನೆ.

ಇಲ್ಲಿಯವರನ್ನು ತಲೆಯ ಮೇಲೆ ಹೊತ್ತು ಕುಣಿಯಬೇಕಿಲ್ಲ. ಮನೆಯಲ್ಲಿ ಪೋರ್ಚುಗೀಸ್ ಮಾತಾಡುವ ಕೂಲಿಕಾರರ ಮಕ್ಕಳಿಗೆ ಆರನೇ ವಯಸ್ಸಿನಲ್ಲಿ ಜರ್ಮನಿನಲ್ಲಿ ಓದಲು ಬರೆಯಲು ಕಲಿಸಿ, ಹಿಂದೆ ಬಿದ್ದಾಗ ಅವರದೇ ತಪ್ಪು ಅನ್ನುವ ಹಾಗೆ ಬೇರೆ ಸಾಲಿಗೆ ಕಳಿಸುವುದು ಎಷ್ಟೋ ವರ್ಷ ನಡೆದಿದೆ. ಫ್ರೆಂಚಿನಲ್ಲಿ ಅಕ್ಷರ ಕಲಿಸುವ ಪ್ರಯೋಗ ಕೆಲವು ಶಾಲೆಗಳಲ್ಲಿ ಶುರುವಾದದ್ದೇ 2022ರಲ್ಲಿ. 2015ರ ಜನಮತದಲ್ಲಿ, ಹತ್ತು ವರ್ಷ ಇಲ್ಲಿ ಬಾಳಿದ ಹೊರದೇಶದವರಿಗೆ ಸಂಸತ್ ಚುನಾವಣೆಯ ಓಟು ಕೊಡುವುದಾ ಅಂತ ಕೇಳಿದರೆ ನೂರಕ್ಕೆ 78 ಮಂದಿ ಬೇಡ ಅಂದರು. ಭಾಷೆಯನ್ನು ಬೇಲಿ ಮಾಡುವವರು ಇಲ್ಲೂ ಇದ್ದಾರೆ. ಮತ್ತೆ, ಇವರಿಗೂ ನಮ್ಮದೇ ರೋಗ: ಎದುರಿನವನ ಮುಖ ನೋಡಿದ ಕೂಡಲೇ ಭಾಷೆ ಬದಲಿಸಿಬಿಡ್ತಾರೆ. ನಾನು "ಮೊಯೆನ್" ಅಂದರೆ ಅಜ್ಜಿ "ಬೊಂಜೂರ್" ಅಂತಿದ್ದರು. ಮೊಯೆನ್ ಅಂದರೆ ಮೂಲದಲ್ಲಿ ಬೆಳಗ್ಗೆ, ಆದರೆ ರಾತ್ರಿ ಹತ್ತಕ್ಕೂ ಮೊಯೆನ್ನೇ. ಸುಮಾರು ಎರಡು ತಿಂಗಳು ಹಟ ಹಿಡಿದು ಮೊಯೆನ್ ಅಂದ ಮೇಲೆ ಒಂದು ದಿನ ಅವರು ಲಿಫ್ಟಿನ ಬಾಗಿಲು ಕೈಯಲ್ಲಿ ಹಿಡಿದುಕೊಂಡೇ ತಮ್ಮ ಮೊಣಕಾಲು ನೋವಿನ ಕಥೆಯನ್ನು ಲಕ್ಸಂಬರ್ಗಿಶಿನಲ್ಲಿ ಶುರು ಮಾಡಿದರು. ಕಾಲು ಭಾಗ ಅರ್ಥ ಆಯ್ತು. ಉಳಿದದ್ದು ಮೊಣಕಾಲು ನೋಡಿ ಅರ್ಥ ಮಾಡ್ಕೊಂಡೆ. ಅವತ್ತಿನಿಂದ ಆ ಕಟ್ಟಡದಲ್ಲಿ ನಾನು ಬಾಡಿಗೆದಾರ ಮಾತ್ರ ಆಗಿ ಉಳಿಯಲಿಲ್ಲ. ಆಗಸ್ಟ್ ಕೊನೆಗೆ ಶುಯೆಬರ್‌ಫೋವರ್ ಜಾತ್ರೆ ಬಂದಾಗ (1340ರಲ್ಲಿ ಶುರುವಾದದ್ದು, ನಮ್ಮ ಎಷ್ಟೋ ಜಾತ್ರೆಗಳ ಹಾಗೆ ಹಿಂದೆ ದನದ ವ್ಯಾಪಾರವೂ ಇತ್ತಂತೆ) ನಮ್ಮನ್ನು ಕರ್ಕೊಂಡು ಹೋಗಿ, ಆಲೂಗಡ್ಡೆ ತುರಿದು ಎಣ್ಣೆಯಲ್ಲಿ ಕರಿದ ಗ್ರೊಂಪರೆಕಿಶೆಲ್ಶರ್ ಕೊಡಿಸಿ, ಆ ಶಬ್ದವನ್ನು ನನ್ನಿಂದ ಆರು ಸಲ ಹೇಳಿಸಿದರು. ಒಂದನೇ ಕ್ಲಾಸಿನ ಮೇಷ್ಟ್ರೂ ಹೇಳಿಸಿದ್ದರು. ಆದರೆ ಅಜ್ಜಿ ನಕ್ಕದ್ದು ಬೇರೆ ಥರ.

ಇಂಗ್ಲಿಷ್ ಸಾಕು ಅನ್ನುವವರಿಗೆ ನಾನು ಹೇಳುವುದು ಇದು. ಸಾಕು, ನಿಜ. ಸಂಬಳಕ್ಕೆ ಸಾಕು, ಬಾಡಿಗೆಗೆ ಸಾಕು, ಡಾಕ್ಟರಿಗೆ ಸಾಕು. ಮೊಣಕಾಲಿನ ಕಥೆಗೆ ಸಾಕಾಗುವುದಿಲ್ಲ.

ನನ್ನ ಮಗಳಿಗೆ ಈಗ ಐದು. ಶಾಲೆಗೆ ಸೇರಿ ಆರು ತಿಂಗಳಿಗೆ ಲಕ್ಸಂಬರ್ಗಿಶಿನಲ್ಲಿ ಕನಸು ಕಾಣಲಿಕ್ಕೆ ಶುರು ಮಾಡಿದಳು, ನಿದ್ದೆಯಲ್ಲಿ ಕೂಗುವುದು ಕೇಳಿದ್ದೇನೆ. ನನ್ನ ಉಚ್ಚಾರ ತಿದ್ದುವವಳು ಅವಳೇ. ಒಂದು ಭಾನುವಾರ ಊರಿಗೆ ವಿಡಿಯೋ ಕಾಲ್ ಮಾಡಿದಾಗ ನನ್ನ ಅವ್ವನ ಹತ್ತಿರ ಅದರಲ್ಲೇ ಏನೋ ಹೇಳಿ ಓಡಿಹೋದಳು. "ಅದು ಎಂತ ಭಾಷೆ ಮಗಾ?" ಅಂತ ಅವ್ವ ಕೇಳಿದಳು. ಹೇಗೆ ವಿವರಿಸುವುದು ಅಂತ ಯೋಚಿಸಿ, "ಜರ್ಮನಿಯವರ ಭಾಷೆ ಉಂಟಲ್ಲ, ಅದರ ಅರೆಭಾಷೆ" ಅಂದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನು ಶಾಲೆಯಲ್ಲೇ ಕಲಿಸ್ತಾರಾ?" ಅಂದಳು. ಹೌದು ಅಂದೆ. ಇವಳಿಗೆ ನಮ್ಮದು ಬರ್ತದಾ ಅಂತ ಅವಳು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಪಾಸ್‌ಪೋರ್ಟಿನ ವಿಷಯ ಹೇಳದಿದ್ದರೆ ಮೋಸ ಆಗ್ತದೆ. 2017ರ ಕಾನೂನಿನ ಪ್ರಕಾರ ಐದು ವರ್ಷ ಇಲ್ಲಿದ್ದವರು ಪೌರತ್ವ ಕೇಳಬಹುದು, ಆದರೆ ಲಕ್ಸಂಬರ್ಗಿಶ್ ಪರೀಕ್ಷೆ ಪಾಸಾಗಬೇಕು. ಬರೆಯುವುದಿಲ್ಲ, ಬರೀ ಮಾತಾಡುವುದು ಮತ್ತು ಕೇಳಿ ಅರ್ಥ ಮಾಡ್ಕೊಳ್ಳುವುದು. ಒಂದು ವಿಷಯದ ಮೇಲೆ ಮಾತಾಡಿ, ಒಂದು ಚಿತ್ರ ನೋಡಿ ವಿವರಿಸಬೇಕು. ನಮ್ಮವರು ಇದಕ್ಕೆ ಕೋಚಿಂಗ್ ಕ್ಲಾಸಿನ ಬುದ್ಧಿ ಉಪಯೋಗಿಸ್ತಾರೆ. ಯಾವ ಚಿತ್ರ ಬಂದರೆ ಯಾವ ಹತ್ತು ವಾಕ್ಯ ಅಂತ ಪಿಡಿಎಫ್ ಉಂಟು, ಕೈಯಿಂದ ಕೈಗೆ ದಾಟ್ತದೆ. ಪಾಸಾದ ಮಾರನೇ ದಿನ ಡಿಲೀಟ್. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ಹಾಗಾಗಿ ತಾಯ್ನಾಡಿನ ಪಾಸ್‌ಪೋರ್ಟನ್ನೇ ಬಿಟ್ಟುಕೊಟ್ಟು ಪಡೆಯುವ ದೇಶ ಇದು. ಅಷ್ಟು ಬಿಟ್ಟು ಬಂದವನು ಆ ದೇಶದ ಮಾತನ್ನು ಮಾತ್ರ ಪಿಡಿಎಫಿನಲ್ಲಿ ಮುಗಿಸುವುದಾದರೆ, ಬೆಂಗಳೂರಿನ ಆಟೋ ಜಗಳದಲ್ಲಿ ನಮಗೆ ಯಾವ ಕಡೆಯೂ ಜಾಗ ಇಲ್ಲ. ಕಡೇಪಕ್ಷ ಬಾಯಿ ಮುಚ್ಚಿ ಬಿಸಿಬೇಳೆಬಾತ್ ತಿನ್ನುವ.

ಮೊನ್ನೆ ಅದೇ ಗೆಳೆಯ ಫೋನ್ ಮಾಡಿದ್ದ. ಪರೀಕ್ಷೆಯ ದಿನ ಸಿಕ್ಕಿದೆಯಂತೆ, ಎರಡು ತಿಂಗಳು ಉಂಟು. "ನಿನ್ನ ನೋಟ್ಸ್ ಕಳಿಸು, ಎಕ್ಸಾಮ್ ಆದ ಕೂಡಲೇ ವಾಪಸ್ ಕೊಡ್ತೇನೆ" ಅಂದ. ನೋಟ್ಸ್ ಕೊಡುವುದಿಲ್ಲ, ಶನಿವಾರ ಹತ್ತು ಗಂಟೆಗೆ ಬಾ, ಕೆಳಗಿನ ಮನೆಯ ಅಜ್ಜಿ ಕಾಫಿ ಕೊಟ್ಟು ಒಂದು ಗಂಟೆ ಮಾತಾಡ್ತಾರೆ, ಹೆಚ್ಚಾಗಿ ಮೊಣಕಾಲಿನ ಬಗ್ಗೆ, ಅಂದೆ. ನೋಡ್ತೇನೆ ಅಂದಿದ್ದಾನೆ. ಶುಕ್ರವಾರ ರಾತ್ರಿಯಾಯ್ತು, ಇನ್ನೂ ಮೆಸೇಜ್ ಬಂದಿಲ್ಲ.